ಬೀಗರ ಓಕುಳಿಗೆ ಉದ್ದನೆಯ ಬ್ಯಾರೆಲ್

ಅಂಗಡಿಯಿಂದ ತಂದ ವಸ್ತುವನ್ನು ತಂದ ಹಾಗೆಯೇ ಬಳಸುವ ಗಂಡಸರನ್ನು ಕಂಡರೆ ನನಗೆ ಬಹಳ ಗೌರವ. ಅಂಥವರು ಇದ್ದಾರೆಂದು ಕೇಳಿದ್ದೇನೆ. ಅವರ ಮನೆಗಳಲ್ಲಿ ಕುಕ್ಕರಿನ ಹಿಡಿ ಕುಕ್ಕರಿನದೇ ಆಗಿರುತ್ತದಂತೆ, ನಲ್ಲಿ ತಿರುಗಿಸಿದರೆ ನೀರು ಕೆಳಕ್ಕೇ ಬೀಳುತ್ತದಂತೆ. ನಮ್ಮವರಿಗೆ ರಾಬರ್ಟ್‌ಸನ್‌ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ. ಹಗಲೆಲ್ಲ ವಾಷರು, ನಟ್ಟು, ಬೋಲ್ಟು, ಬಿಳಿ ಟೇಪುಗಳ ನಡುವೆ ಕೂತು ಕೂತು, ಕಂಪನಿಯವರು ಮಾಡಿದ್ದು ಯಾವುದೂ ಪೂರ್ತಿಯಾಗಿಲ್ಲ, ತಾವು ಕೈ ಹಾಕಿದ ಮೇಲೆಯೇ ಅದಕ್ಕೊಂದು ಕಳೆ ಎಂದು ಅವರಿಗೆ ಅನಿಸಿಬಿಟ್ಟಿದೆ. ನಮ್ಮ ಮಿಕ್ಸಿಗೆ ಸ್ಕೂಟರಿನ ಸ್ವಿಚ್ಚಿದೆ. ಅಡುಗೆಮನೆಯ ನಲ್ಲಿಗೆ ಮೂರು ಮೂತಿ. ಯಾವುದನ್ನು ತಿರುಗಿಸಿದರೆ ಎಲ್ಲಿ ಚಿಮ್ಮುತ್ತದೆ ಎಂಬುದು ಮನೆಯವರಿಗೆ ಮಾತ್ರ ಗೊತ್ತು. ಹೊಸಬರು ಕೈ ತೊಳೆಯಲು ಹೋಗಿ ಮುಖ ತೊಳೆದುಕೊಂಡು ಬರುತ್ತಾರೆ. ಮದುವೆಯಾದ ಹೊಸದರಲ್ಲಿ ನನ್ನ ತವರಿನಿಂದ ಬಂದಿದ್ದ ಹೊಲಿಗೆ ಯಂತ್ರಕ್ಕೆ ಎಲ್ಲಿಂದಲೋ ಒಂದು ಮೋಟಾರು ತಂದು ಕೂಡಿಸಿದರು. ಅದು ಎಷ್ಟು ಜೋರಾಗಿ ಓಡಿತೆಂದರೆ, ನಾನು ಕಾಲು ತೆಗೆಯುವಷ್ಟರಲ್ಲಿ ದಿಂಬಿನ ಗವಸನ್ನು ನಾಲ್ಕು ಕಡೆಯೂ ಹೊಲಿದು ಮುಗಿಸಿತ್ತು. ದಿಂಬು ತೂರಿಸಲು ಬಾಯೇ ಇಲ್ಲ. "ನೋಡಿದ್ಯಾ ಸ್ಪೀಡು" ಅಂದರು ನಮ್ಮವರು. ನಾನು ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿನ ಸಿಸ್ಟರುಗಳು ನನಗೆ ಚೆನ್ನಾಗಿ ಕಲಿಸಿದ್ದು ಎರಡೇ ವಿದ್ಯೆ, ಗಂಟು ಕಾಣದಂತೆ ಹೊಲಿಯುವುದು ಮತ್ತು ಯಾರ ಮನಸ್ಸೂ ನೋಯದಂತೆ ಮಾತಾಡುವುದು. ಹಾಗಾಗಿ "ತುಂಬ ಚೆನ್ನಾಗಿದೆ ರೀ" ಅಂದೆ. ಆ ಮಾತನ್ನು ಅವರು ಜೀವಮಾನದ ಪರವಾನಗಿ ಎಂದು ತಿಳಿದುಕೊಂಡರು.

ನಮ್ಮ ಒಬ್ಬಳೇ ಮಗಳು ಸುಷ್ಮಾ. ಆಂಡರ್ಸನ್‌ಪೇಟೆಯ ಒಂದು ಶಾಲೆಯಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತಾಳೆ. ಅವಳಿಗೆ ಕ್ಯಾಸಂಬಳ್ಳಿ ಕಡೆಯ ಸಂಬಂಧ ಕೂಡಿಬಂತು. ಹುಡುಗ ನವೀನನಿಗೆ ಬಂಗಾರಪೇಟೆಯಲ್ಲಿ ಕೆಲಸ, ಊರಿನಲ್ಲಿ ರಾಗಿ, ತರಕಾರಿ, ಹಾಲು ಕರೆಯುವ ಹಸುಗಳು. ಇಷ್ಟೇ ಆಗಿದ್ದರೆ ನಾನು ನೆಮ್ಮದಿಯಾಗಿ ಇರುತ್ತಿದ್ದೆ. ಆದರೆ ಅವನು ಹೊಲದ ಪಕ್ಕದ ಬರಡು ಜಾಗದಲ್ಲಿ ಸ್ನೇಹಿತರ ಜೊತೆ ಸೇರಿ ಒಂದು ಪೇಂಟ್‌ಬಾಲ್ ಮೈದಾನವನ್ನೂ ಮಾಡಿಕೊಂಡಿದ್ದ. ಎರಡು ಗುಂಪಿನವರು ಮುಖಕ್ಕೆ ಕವಚ ಹಾಕಿಕೊಂಡು, ಹಳೇ ಟೈರು, ಡ್ರಮ್ಮುಗಳ ಹಿಂದೆ ಅವಿತುಕೊಂಡು, ಗಾಳಿಯ ಬಲದಿಂದ ಬಣ್ಣದ ಗುಳಿಗೆಗಳನ್ನು ಒಬ್ಬರ ಮೇಲೊಬ್ಬರು ಹಾರಿಸುವ ಆಟ ಅದು. ಗುಳಿಗೆ ಯಾರ ಮೈಮೇಲೆ ಒಡೆದು ಬಣ್ಣವಾಯಿತೋ ಅವರು ಔಟು. ಹಾರಿಸುವ ಸಲಕರಣೆ ನೋಡಲು ಥೇಟ್ ಬಂದೂಕು, ಆದರೆ ಹಾಗೆ ಅನ್ನಬಾರದು. "ಬಂದೂಕಲ್ಲ ಅತ್ತೆ, ಮಾರ್ಕರು. ಗುರುತು ಹಾಕೋದು ಅಷ್ಟೆ" ಎಂದು ನವೀನ ನನ್ನನ್ನು ನಯವಾಗಿ ತಿದ್ದಿದ. ನಿಶ್ಚಿತಾರ್ಥದ ದಿನ ಅವನು ಹೋಳಿಗೆ ಮುರಿಯುತ್ತಾ ನಮ್ಮವರ ಎದುರು ಒಂದು ಮಾತಾಡಿದ. "ಮಾವ, ಈ ಮಾರ್ಕರ್‌ಗೆ ಹೊರಗಡೆ ಪಾರ್ಟ್ಸ್ ಎಷ್ಟು ಸಿಗ್ತವೆ ಅಂದ್ರೆ, ಮನಸ್ಸು ಮಾಡಿದ್ರೆ ಕಂಪನಿಯೋರು ಕೊಟ್ಟಿದ್ದು ಒಂದೂ ಉಳಿಸ್ಕೋಬೇಕಾಗಿಲ್ಲ." ನಮ್ಮವರ ಕೈಯಲ್ಲಿದ್ದ ಪಾಯಸದ ಲೋಟ ತುಟಿಯ ಹತ್ತಿರ ನಿಂತುಬಿಟ್ಟಿತು. ನನ್ನನ್ನು ನೋಡಲು ಬಂದ ದಿನ ಕೂಡ ಅವರ ಮುಖದಲ್ಲಿ ಆ ಬೆಳಕನ್ನು ನಾನು ಕಂಡಿರಲಿಲ್ಲ.

ನಮ್ಮ ಕಡೆ ಮದುವೆಯ ಮಾರನೆಯ ದಿನ ಓಕುಳಿ ಆಡುತ್ತಾರೆ. ಅರಿಶಿನಕ್ಕೆ ಸುಣ್ಣ ಬೆರೆಸಿ ಕೆಂಪಾದ ನೀರನ್ನು ಗಂಡಿನ ಕಡೆಯವರೂ ಹೆಣ್ಣಿನ ಕಡೆಯವರೂ ಪರಸ್ಪರ ಎರಚಾಡುವುದು. ಪರಸ್ಪರ ಅನ್ನುವುದು ಮಾತಿಗೆ. ಹೆಣ್ಣಿನ ಕಡೆಯವರು ಒಂದು ಚೊಂಬು ಹಿಡಿದು ನಾಲ್ಕು ಹೆಜ್ಜೆ ಓಡಿದಂತೆ ಮಾಡಿ, ಆಮೇಲೆ ನಿಂತು, ಬೆನ್ನು ಕೊಟ್ಟು ನೆನೆಯಬೇಕು, ಅದು ಮರ್ಯಾದೆ. ನನ್ನ ಮದುವೆಯಲ್ಲಿ ನಮ್ಮತ್ತೆ ಇಡೀ ಕೊಳಗವನ್ನು ನಮ್ಮ ತಂದೆಯ ತಲೆಯ ಮೇಲೆ ಕವುಚಿದಾಗ, ಅವರು ಕನ್ನಡಕ ಒರೆಸಿಕೊಂಡು, "ಮುಗೀತಾ ಬೀಗಿತ್ತಿಯವರೇ, ಇನ್ನೂ ಇದೆಯಾ?" ಎಂದು ವಿಚಾರಿಸಿದ್ದರು. ಇನ್ನೂ ಇತ್ತು. ನವೀನ ಈಗ, "ಈ ಸಲ ಓಕುಳಿ ನಮ್ಮ ಗ್ರೌಂಡಲ್ಲೇ ಆಡೋಣ. ನಮ್ಮ ಕಡೆಗೆ ಕೆಂಪು ಗುಳಿಗೆ, ನಿಮ್ಮ ಕಡೆಗೆ ಹಳದಿ" ಅಂದ. ಎಲ್ಲರೂ ನಕ್ಕು ಒಪ್ಪಿದರು. ನಮ್ಮವರು ಮಾತ್ರ ನಗಲಿಲ್ಲ. "ನಮ್ಮ ಮಾರ್ಕರು ನಾವೇ ತರಬಹುದಾ?" ಎಂದು ಕೇಳಿದರು. ಆಗ ನವೀನನ ತಾಯಿ ರತ್ನಮ್ಮನವರು ಎಲೆ ಅಡಿಕೆ ಮಡಿಸುತ್ತಾ, "ತನ್ನಿ ಬೀಗ್ರೇ. ಏನ್ ತಂದ್ರೂ ನೆನೆಯೋದು ನೀವೇ" ಅಂದರು. ಎತ್ತರದ ಆಳು, ಎಮ್ಮೆ ಹಸುಗಳನ್ನು ಕೂಗಿ ಕರೆದು ಅಭ್ಯಾಸವಾದ ಗಂಟಲು. ಅವರು ಮೆಲ್ಲಗೆ ಆಡಿದ ಮಾತೂ ಬೀದಿಯ ಆ ತುದಿಗೆ ಕೇಳಿಸುತ್ತದೆ. ನನಗೆ ಅವರನ್ನು ಕಂಡರೆ ಮೊದಲ ದಿನದಿಂದಲೇ ಸಣ್ಣ ನಡುಕ.

ನವೀನನ ಸ್ನೇಹಿತನೊಬ್ಬನ ಹಳೆಯ ಮಾರ್ಕರು ನಮ್ಮ ಮನೆಗೆ ಬಂತು. ಅದರ ಹಿಂದೆಯೇ ಪಾರ್ಸೆಲ್ಲುಗಳು ಬರತೊಡಗಿದವು. ಲಗ್ನಪತ್ರಿಕೆ ಬರುವ ಮೊದಲು ಬ್ಯಾರೆಲ್ ಬಂತು. ಧಾರೆ ಸೀರೆ ಬರುವ ಮೊದಲು ಸ್ಪ್ರಿಂಗ್ ಬಂತು. ಬೇರೆ ಮನೆಗಳಲ್ಲಿ ಹೆಣ್ಣಿನ ತಂದೆ ಮದುವೆಯ ಚಿಂತೆಯಲ್ಲಿ ನಿದ್ದೆ ಬಿಡುತ್ತಾರೆ. ಇವರು ಊಟದ ಹೊತ್ತಿಗೆ ತಟ್ಟೆಯ ಪಕ್ಕದಲ್ಲಿ ಒಂದೊಂದು ಬಿಡಿಭಾಗ ಇಟ್ಟುಕೊಂಡು ನನಗೆ ಪಾಠ ಮಾಡುತ್ತಿದ್ದರು.

"ಇಲ್ ನೋಡೇ, ಇದು ಬೋಲ್ಟು. ಗುಳಿಗೇನ ಹಿಂದಿಂದ ತಳ್ಳೋದು ಇದೇ. ಕಂಪನಿದು ಭಾರ, ಇದು ಹಗುರ."

"ಚಿತ್ರಾನ್ನ ಬೇಡ, ಪುಳಿಯೋಗರೆ ಮಾಡ್ಸೋಣ ಅಂತ ಅಡಿಗೆಯವರಿಗೆ ಹೇಳಿದ್ರಾ?"

"ಇದು ಸ್ಪ್ರಿಂಗು. ಗಟ್ಟಿ. ಹೊಡೆದ್ರೆ ಸೀದಾ ಬಂಗಾರಪೇಟೆ ಸ್ಟೇಷನ್ನು."

"ಪುಳಿಯೋಗರೆ ರೀ."

"ಪುಳಿಯೋಗರೆಗೆ ಸ್ಪ್ರಿಂಗ್ ಯಾಕೆ?" ಎಂದು ಅವರು ನನ್ನನ್ನು ಕನಿಕರದಿಂದ ನೋಡಿದರು.

ಹೆಂಡತಿಯರು ಕಿವಿಗೊಡುವುದಿಲ್ಲ ಎಂದು ಗಂಡಂದಿರು ಭಾವಿಸಿರುತ್ತಾರೆ. ನಾವು ಸಾರು ಬಡಿಸುತ್ತಲೇ ಎಲ್ಲ ಕೇಳಿಸಿಕೊಂಡಿರುತ್ತೇವೆ. ಗುಳಿಗೆ ಬರುವ ಬ್ಯಾರೆಲ್ಲಿನೊಳಗೆ ಇನ್ನೊಂದು ತೆಳು ಕೊಳವೆ ಇರುತ್ತದೆ, ಅದು ಬೇರೆ ಬೇರೆ ಅಳತೆಯಲ್ಲಿ ಸಿಗುತ್ತದೆ, ಬಿಗಿಯಾದಷ್ಟೂ ಗಾಳಿ ಸೋರುವುದಿಲ್ಲ, ಆದ್ದರಿಂದ ನಮ್ಮವರು ಎಲ್ಲಕ್ಕಿಂತ ಬಿಗಿಯಾದದ್ದನ್ನೇ ತರಿಸಿದ್ದಾರೆ ಎಂಬುದು ನನಗೆ ಹೀಗೆಯೇ ತಿಳಿಯಿತು. ಬಳೆ ತೊಡಿಸುವವಳ ಮುಂದೆ ಕೈಗಿಂತ ಚಿಕ್ಕ ಬಳೆಯೇ ಬೇಕು ಎಂದು ಹಟ ಹಿಡಿದು ಅಂಗೈ ತುಂಬ ಗಾಜು ಮಾಡಿಕೊಂಡ ನನ್ನ ಚಿಕ್ಕಂದಿನ ನೆನಪಾಯಿತು. ಗುಳಿಗೆ ಹಾರಿಸಲು ಒತ್ತುವ ಒಂದು ಬೆರಳಿನ ಕುದುರೆ ಹೋಗಿ ಎರಡು ಬೆರಳಿನದು ಬಂತು; ಮುಟ್ಟಿದರೆ ಸಾಕು, ಟಕಟಕಟಕ. ಗುರಿ ನೋಡಲು ಒಂದು ಕೆಂಪು ಚುಕ್ಕೆಯ ಕನ್ನಡಿ. ಹಿಡಿಕೆಗೆ ರಬ್ಬರು. ಉದ್ದನೆಯ ಬ್ಯಾರೆಲ್ಲಿಗೆ ಇನ್ನೂ ಉದ್ದವಾಗಲೆಂದು ಮುಂದಕ್ಕೆ ಒಂದು ತುದಿ. ಪೂರ್ತಿ ಜೋಡಿಸಿದ ಮೇಲೆ ಅದು ನಮ್ಮ ಬಾಗಿಲಲ್ಲಿ ನೇರವಾಗಿ ತೂರುತ್ತಿರಲಿಲ್ಲ. ಮಂಚ ಒಯ್ಯುವ ಹಾಗೆ ಓರೆ ಮಾಡಿ ಒಯ್ಯಬೇಕಾಗಿತ್ತು. ಒಂದು ಭಾನುವಾರ ಹಿತ್ತಿಲಿನ ಕಾಂಪೌಂಡಿನ ಮೇಲೆ ಪರೀಕ್ಷೆ ನಡೆಯಿತು. ನಾನು ಬೇಳೆ ಬೇಯಲು ಇಟ್ಟು ಹೋಗಿ ನೋಡುತ್ತೇನೆ, ಗೋಡೆಯ ಈ ಕೊನೆಯಿಂದ ಆ ಕೊನೆಯವರೆಗೆ ಹಳದಿ. ನುಗ್ಗೇಮರದ ಬುಡವೂ ಹಳದಿ, ತುಳಸಿ ಕಟ್ಟೆಯ ಒಂದು ಪಕ್ಕವೂ ಹಳದಿ. ಇಂಥ ಆಯುಧದ ಮುಂದೆ ಯಾವ ಬೀಗರು ನಿಂತಾರು ಎಂದು ನನಗೆ ಭಯವಾಯಿತು.

ಸುಷ್ಮಾಳಿಗೂ ಅದೇ ಭಯ. ಅವಳು ಸಂಜೆ ನನ್ನ ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತಾ, ಸಿಪ್ಪೆಯನ್ನು ಕಾಳಿನ ಪಾತ್ರೆಗೂ ಕಾಳನ್ನು ಸಿಪ್ಪೆಯ ಕಡೆಗೂ ಹಾಕುತ್ತಿದ್ದಳು. ಲೆಕ್ಕದ ಟೀಚರು ಹೀಗೆ ತಪ್ಪುವುದಿಲ್ಲ.

"ಅಮ್ಮಾ, ಅಪ್ಪ ಗೆಲ್ಲಬಾರದು."

"ಆಟ ತಾನೇ ಚಿನ್ನ."

"ನಿಂಗೊತ್ತಿಲ್ಲ. ನವೀನ್ ಅವರ ಅತ್ತಿಗೆ ಹೇಳಿದ್ರು. ಅವರ ಮದುವೆ ಓಕುಳೀಲಿ ಅವರ ಸೋದರಮಾವ ನಮ್ಮತ್ತೆ ಮೇಲೆ ಒಂದು ಬಿಂದಿಗೆ ನೀರು ಹಾಕಿದ್ರಂತೆ. ಅವತ್ತಿಂದ ಇವತ್ತಿನವರೆಗೂ ಅತ್ತೆ ಅವರ ಹತ್ರ ಮಾತಾಡಿಲ್ಲ. ಅವರು ಮನೆಗೆ ಬಂದ್ರೆ ಅತ್ತೆ ಕೊಟ್ಟಿಗೆಗೆ ಹೋಗಿ ಕೂತ್ಕೋತಾರಂತೆ. ಪಾಪ ಅಕ್ಕ, ಇಷ್ಟು ವರ್ಷ ಆದ್ರೂ ತವರಿನೋರು ಬಂದ್ರೆ ಎದೆ ಹೊಡ್ಕೊಳುತ್ತೆ ಅಂತಾರೆ. ನಂಗೂ ಹಂಗೇ ಆದ್ರೆ? ನಾನು ಆ ಮನೇಲಿ ಬಾಳಬೇಕಮ್ಮ."

ಅವಳ ಕಣ್ಣಿನಲ್ಲಿ ನೀರಿರಲಿಲ್ಲ, ಆದರೆ ಒಂದು ಅವರೆಕಾಯಿಯನ್ನು ಬಹಳ ಹೊತ್ತಿನಿಂದ ಬಿಡಿಸುತ್ತಲೇ ಇದ್ದಳು. "ಅಪ್ಪನ ವಿಷಯ ನನಗೆ ಬಿಡು" ಅಂದೆ. ಮಾತಿನಲ್ಲಿ ಒಪ್ಪಿಸಬಲ್ಲೆ ಎಂದುಕೊಂಡಿದ್ದೆ. ಅವರು ಬ್ಯಾರೆಲ್ಲಿಗೆ ಮೆತ್ತನೆಯ ಬಟ್ಟೆ ತೂರಿಸಿ ಒರೆಸುವಾಗ ಪಕ್ಕದಲ್ಲಿ ಕೂತು, "ರೀ, ಹೆಣ್ಣಿನ ಕಡೆಯೋರು ಸೋತರೇನೇ ಚೆಂದ ಅಲ್ವಾ?" ಎಂದು ಶುರುಮಾಡಿದೆ. ಅವರು ಬ್ಯಾರೆಲ್ಲಿನ ಒಳಗಿಂದ ನನ್ನನ್ನು ನೋಡಿದರು. "ನಮ್ಮಪ್ಪ ನೆಂದ, ನಿಮ್ಮಪ್ಪ ನೆಂದ. ಇಷ್ಟು ಪಾರ್ಟ್ಸ್ ಹಾಕಿದ ಮೇಲೂ ನಾನು ನೆನೆಯೋದಾದ್ರೆ ಈ ಪಾರ್ಟ್ಸಿಗೆ ಅವಮಾನ ಕಣೇ." ಬೀಗರಿಗೆ ಅವಮಾನವಾದರೆ ಏನು ಎಂದು ನಾನು ಕೇಳಬೇಕೆಂದಿದ್ದೆ. ಕೊಳವೆಯ ಆ ತುದಿಯಲ್ಲಿದ್ದ ಕಣ್ಣು ಎಷ್ಟು ಸಂತೋಷದಿಂದ ಹೊಳೆಯುತ್ತಿತ್ತೆಂದರೆ, ಒರೆಸಲು ಇನ್ನೊಂದು ಬಟ್ಟೆ ಮಡಿಸಿ ಕೊಟ್ಟೆ.

ಮಾತಿನಿಂದ ಆಗದ್ದನ್ನು ಕೈಯಿಂದ ಮಾಡಬೇಕಾಯಿತು. ಹೊರಗಿನಿಂದ ಕಾಣುವ ಬ್ಯಾರೆಲ್ಲು, ಕೆಂಪು ಚುಕ್ಕೆ, ರಬ್ಬರು ಹಾಗೇ ಇರಲಿ. ಒಳಗಿರುವ ಬಲವನ್ನು ಮಾತ್ರ ತೆಗೆದುಬಿಡುವುದು. ಕಂಪನಿಯ ಹಳೆಯ ಭಾಗಗಳು ಮಂಚದ ಕೆಳಗೆ ಬಿಸ್ಕತ್ತಿನ ಡಬ್ಬಿಯಲ್ಲಿ ಇದ್ದವು. ಹಾರ್ಡ್‌ವೇರ್ ಅಂಗಡಿಯವರು ಏನನ್ನಾದರೂ ಎಸೆದಾರೆಯೇ? ಅವರು ಊಟ ಮುಗಿಸಿ ಅಂಗಡಿಗೆ ಹೋದ ಮೇಲೆ ಮೊಬೈಲಿನಲ್ಲಿ ವಿಡಿಯೋ ಹಾಕಿಕೊಂಡು, ನಡುಮನೆಯಲ್ಲಿ ಹಳೇ ಬೆಡ್‌ಶೀಟು ಹಾಸಿ, ಮಾರ್ಕರನ್ನು ಮಲಗಿಸಿದೆ. ವಿಡಿಯೋದಲ್ಲಿ ಯಾವನೋ ಹುಡುಗ ಅದನ್ನು ಬಾಳೆಹಣ್ಣು ಸುಲಿದ ಹಾಗೆ ಬಿಚ್ಚುತ್ತಿದ್ದ. ನನಗೆ ಮೊದಲ ಸ್ಕ್ರೂ ಬಿಡಿಸುವುದರಲ್ಲೇ ಬೆವರು. ಬಿಡಿಸಿದ ಭಾಗಗಳು ಕಲೆಸಿಹೋಗಬಾರದೆಂದು ಇಡ್ಲಿ ತಟ್ಟೆ ತಂದು, ಬಿಚ್ಚಿದ ಕ್ರಮದಲ್ಲೇ ಒಂದೊಂದು ಗುಳಿಯಲ್ಲಿ ಒಂದೊಂದನ್ನು ಇಟ್ಟೆ. ಗಟ್ಟಿ ಸ್ಪ್ರಿಂಗ್ ತೆಗೆದು ಮೆತ್ತನೆಯದು. ಹಗುರ ಬೋಲ್ಟ್ ತೆಗೆದು ಭಾರದ್ದು. ಬಿಗಿ ಕೊಳವೆ ತೆಗೆದು ಸಡಿಲವಾದದ್ದು. ಎರಡು ಬೆರಳಿನ ಕುದುರೆ ಹೊರಗೆ ಕಾಣುತ್ತದಲ್ಲ, ಅದನ್ನು ಬಿಟ್ಟು, ಅದರ ಹಿಂದಿನ ಸಣ್ಣ ಸ್ಪ್ರಿಂಗನ್ನು ಮಾತ್ರ ಬದಲಾಯಿಸಿದೆ. ಇನ್ನು ಮೇಲೆ ಟಕ, ಆಮೇಲೆ ಯೋಚನೆ ಮಾಡಿ ಇನ್ನೊಂದು ಟಕ. ಹೊಲಿಗೆ ಕಲಿತ ಕೈಗೆ ಇದು ಒಗ್ಗಿಬರುವುದು ಕಂಡು ನನಗೇ ಆಶ್ಚರ್ಯವಾಯಿತು. ಅದೇ ಹೊತ್ತಿಗೆ ಪಕ್ಕದ ಮನೆಯ ಸ್ಟೆಲ್ಲಾ ಕರಿಬೇವು ಕೇಳಿಕೊಂಡು ಬಂದಳು. ಹುಟ್ಟಿದ್ದು ಬೆಳೆದಿದ್ದು ಗಣಿ ಕಾಲೋನಿಯಲ್ಲಿ. ಅವಳ ಕನ್ನಡ ಯಾವಾಗಲೂ ತಮಿಳಿನ ಬಾಗಿಲಿನಿಂದಲೇ ಒಳಗೆ ಬರುತ್ತದೆ.

"ಎನ್ನಕ್ಕಾ ಇದು, ಇಡ್ಲಿ ತಟ್ಟೇಲಿ ಸ್ಪ್ರಿಂಗು?"

"ಮಿಕ್ಸಿದು ಸ್ಟೆಲ್ಲಾ."

"ನಿಮ್ಮನೆ ಮಿಕ್ಸಿ ಅಲ್ವಾ, ಇರುತ್ತೆ ಇರುತ್ತೆ" ಎಂದು ಅವಳು ಕರಿಬೇವು ಕಿತ್ತುಕೊಂಡು ಹೋದಳು. ನಮ್ಮವರ ಹೆಸರಿನ ಬಲದಿಂದ ನನ್ನ ಸುಳ್ಳು ಇಷ್ಟು ಸಲೀಸಾಗಿ ದಾಟಿತು.

ಬಂಗಾರಪೇಟೆಯ ಛತ್ರದಲ್ಲಿ ಮದುವೆ ಚೆನ್ನಾಗಿಯೇ ನಡೆಯಿತು. ಪುಳಿಯೋಗರೆ ಹೇಳಿದ್ದು ಕಡೆಗೂ ನಾನೇ. ಧಾರೆಯ ಹೊತ್ತಿಗೆ ನಮ್ಮವರ ಕಣ್ಣು ತುಂಬಿ ಬಂತು, ಅಕ್ಷತೆಯ ನಡುವೆ ನನ್ನ ಕಿವಿಯ ಹತ್ತಿರ ಬಗ್ಗಿ, "ನಾಳೆ ಗಾಳಿ ಸಿಲಿಂಡರು ತುಂಬಿಸೋದು ಯಾರು ಅಂತ ಕೇಳಿದ್ಯಾ?" ಅಂದರು. ಮಾರನೆಯ ದಿನ ಕ್ಯಾಸಂಬಳ್ಳಿಯ ಮೈದಾನದಲ್ಲಿ ಎರಡು ಕಡೆಯವರೂ ಸೇರಿದೆವು. ರತ್ನಮ್ಮನವರು ರೇಷ್ಮೆ ಸೀರೆ ಬಿಚ್ಚಿಟ್ಟು, ನೂಲಿನ ಸೀರೆಯನ್ನು ಎತ್ತಿ ಕಟ್ಟಿ, ಮೇಲೆ ದಪ್ಪನೆಯ ಕೋಟು ತೊಟ್ಟು ಗದ್ದೆಗೆ ಇಳಿಯುವವರಂತೆ ಬಂದರು. ಕೈಯಲ್ಲಿದ್ದ ಮಾರ್ಕರು ಮೈದಾನದ್ದು. ಸಾದಾ, ಮೋಟು, ಗೀರು ಬಿದ್ದಿದ್ದು. ಅವರು ನಮ್ಮವರ ಕೈಯಲ್ಲಿರುವುದನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದರು. ಅದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು.

"ಏನ್ ಬೀಗ್ರೇ, ಇಷ್ಟುದ್ದ ಕೊಳಾಯಿ? ತೋಟುಕ್ಕೆ ನೀರ್ ಬಿಡಾಕ್ ಬಂದ್ರಾ?"

"ಬಿಡೋದ್ ನೋಡ್ತಾ ಇರಿ ಬೀಗಿತ್ತಿಯವರೇ."

"ಓಗಿ ಓಗಿ, ಮೊದ್ಲು ಅದುನ್ ಎತ್ಕೊಂಡು ಸುತ್ತೂ ತಿರುಗಿ ನೋಡಾನ. ಬಸ್ಸು ತಿರುಗ್ಸಿದಂಗೆ ಜಾಗ ಬೇಕಾಯ್ತದೆ ನಿಮ್ಗೆ."

ಆಟಕ್ಕೆ ಮೊದಲು ಪ್ರತಿಯೊಂದು ಮಾರ್ಕರಿನ ವೇಗವನ್ನೂ ಒಂದು ಯಂತ್ರದಲ್ಲಿ ಅಳೆಯುವುದು ಅಲ್ಲಿಯ ನಿಯಮ. ಮಿತಿ ದಾಟಿದರೆ ಮೈಗೆ ಪೆಟ್ಟಾಗುತ್ತದೆ, ಆಡಿಸುವುದಿಲ್ಲ. ನಮ್ಮವರದನ್ನು ಅಳೆದ ನವೀನ, "ಸರಿಯಾಗಿದೆ ಮಾವ. ನೀವು ಹೇಳಿದ ಸ್ಪ್ರಿಂಗ್ ಕೇಳಿ ಇದು ಪಾಸಾಗಲ್ಲ ಅಂದ್ಕೊಂಡಿದ್ದೆ" ಅಂದ. ನಮ್ಮವರು ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು. ನಾನು ಮುಖಕವಚವನ್ನು ಬೇಗ ಹಾಕಿಕೊಂಡೆ. ಆ ಕವಚದ ಒಂದು ಅನುಕೂಲವೆಂದರೆ ಒಳಗೆ ಯಾವ ಮುಖ ಮಾಡಿಕೊಂಡರೂ ಹೊರಗೆ ಕಾಣುವುದಿಲ್ಲ.

ಶಿಳ್ಳೆ ಊದಿದ ಕೂಡಲೇ ನಾನು ಔಟಾದೆ. ಡ್ರಮ್ಮಿನ ಹಿಂದೆ ಬಗ್ಗಿ ಸೆರಗು ಸರಿಮಾಡಿಕೊಳ್ಳುತ್ತಿದ್ದೆ, ಭುಜದ ಮೇಲೆ ಪಟ್ಟನೆ ಕೆಂಪು ಅರಳಿತು. ಆಕಡೆಯಿಂದ ರತ್ನಮ್ಮನವರ ಗಂಟಲು, "ಅತ್ಗೆ, ನೀವು ಓಗಿ ನೆಳ್ಳಾಗೆ ಕುಂತ್ಕೊಳಿ." ನೋವಿರಲಿ, ನನಗೆ ಸಮಾಧಾನವೇ ಆಯಿತು, ನಾವು ಸೋಲುವುದು ಕ್ರಮವಾಗಿ ನಡೆಯುತ್ತಿತ್ತು. ಮೈದಾನದ ಅಂಚಿಗೆ ಬಂದು ಕವಚ ಹಾಕಿಕೊಂಡೇ ನಿಂತೆ. ನಮ್ಮ ಕಡೆಯವರು ಕೆಂಪಾಗಿ, ಅವರ ಕಡೆಯವರು ಹಳದಿಯಾಗಿ, ಒಬ್ಬೊಬ್ಬರಾಗಿ ಈಚೆ ಬಂದರು. ಕೊನೆಗೆ ಮೈದಾನದಲ್ಲಿ ಉಳಿದದ್ದು ಟೈರಿನ ಗುಡ್ಡೆಯ ಹಿಂದೆ ನಮ್ಮವರು, ಹಲಗೆಯ ಹಿಂದೆ ರತ್ನಮ್ಮನವರು. ಉದ್ದನೆಯ ಬ್ಯಾರೆಲ್ ಟೈರಿನ ಮೇಲಿನಿಂದ ಎಷ್ಟು ಮುಂದಕ್ಕೆ ಚಾಚಿತ್ತೆಂದರೆ ನಮ್ಮವರು ಎಲ್ಲಿ ಅವಿತಿದ್ದಾರೆ ಎಂಬುದನ್ನು ಹುಡುಕಬೇಕಾಗಿರಲಿಲ್ಲ. ರತ್ನಮ್ಮನವರು ಅದನ್ನು ನೋಡಿಯೇ ಸೀದಾ ನಡೆದುಕೊಂಡು ಬಂದರು, ಕಟ್ಟಿದ ಹಸುವಿನ ಹತ್ತಿರ ಹೋಗುವ ಹಾಗೆ. ನಮ್ಮವರು ಎದ್ದರು. ನಾನು ಮನಸ್ಸಿನಲ್ಲೇ, ಈಗ ಫುಸ್ ಅನ್ನುತ್ತದೆ, ಈಗ ಗುಳಿಗೆ ಕಾಲ ಬುಡದಲ್ಲಿ ಬೀಳುತ್ತದೆ, ಎಲ್ಲರೂ ನಗುತ್ತಾರೆ, ಎಲ್ಲ ಸುಖವಾಗಿ ಮುಗಿಯುತ್ತದೆ ಎಂದುಕೊಂಡೆ.

ಟಕ್. ಟಕ್. ಟಕ್. ಟಕ್.

ರತ್ನಮ್ಮನವರ ಕೋಟಿನ ಮೇಲೆ ಕುತ್ತಿಗೆಯಿಂದ ಹೊಟ್ಟೆಯವರೆಗೆ, ಅಳತೆ ಹಿಡಿದು ಗುಂಡಿ ಹೊಲಿದ ಹಾಗೆ, ಸಾಲಾಗಿ ನಾಲ್ಕು ಹಳದಿ ಚುಕ್ಕೆ.

ಆಚೆ ಕೊಟ್ಟಿಗೆಯ ಹಸು ತಲೆ ಕೊಡವಿದ ಗಂಟೆಯ ಸದ್ದು ಕೇಳಿಸಿತು. ಸುಷ್ಮಾ ಬಲೆಯ ಪರದೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು, ಕೈಯ ಮದರಂಗಿಗಿಂತ ಮುಖದ ಬಿಳುಪೇ ಎದ್ದು ಕಾಣುತ್ತಿತ್ತು. ಅವಳ ಪಕ್ಕದಲ್ಲಿದ್ದ ಹಿರಿಯ ಸೊಸೆ ಮೆಲ್ಲನೆ ಕೊಟ್ಟಿಗೆಯ ಕಡೆ ನೋಡಿದಳು. ನಾನು ಓಡಿದೆ. ಓಡುತ್ತಲೇ "ಸಾರಿ ಅತ್ತಿಗೆ, ಕ್ಷಮಿಸಿ ಅತ್ತಿಗೆ, ಅವರಿಗೆ ಗೊತ್ತಾಗಲಿಲ್ಲ" ಎಂದು ಸಿಸ್ಟರುಗಳು ಕಲಿಸಿದ್ದನ್ನೆಲ್ಲ ಒದರಿದೆ. ಕವಚದ ಒಳಗೆ ಅಷ್ಟೂ ಮಾತು ಹಬೆಯಾಗಿ ನನ್ನ ಮುಖಕ್ಕೇ ಹಿಂತಿರುಗಿತು. ಹೊರಗೆ ಬರೀ ಗುಂಯ್ ಗುಂಯ್. ನಮ್ಮವರಾದರೂ ಕೈ ಮುಗಿಯಬಾರದೇ ಎಂದು ನೋಡಿದರೆ, ಅವರು ಬೀಗಿತ್ತಿಯನ್ನು ಮರೆತೇಬಿಟ್ಟಿದ್ದಾರೆ. ಬ್ಯಾರೆಲ್ಲಿನ ಮೇಲೆ ಕೈಯಾಡಿಸುತ್ತಾ, ಅದರ ತುದಿಯನ್ನೇ ತದೇಕಚಿತ್ತದಿಂದ ನೋಡುತ್ತಿದ್ದಾರೆ.

ರತ್ನಮ್ಮನವರು ತಮ್ಮ ಎದೆಯನ್ನು ನೋಡಿಕೊಂಡರು. ಒಂದು ಚುಕ್ಕೆಯನ್ನು ಬೆರಳಿನಲ್ಲಿ ಮುಟ್ಟಿ ನೋಡಿದರು. ಅಂಚಿಗೆ ನಡೆದು ಬಂದು ಕವಚ ತೆಗೆದರು. ಕೆಂಪೇರಿದ ಮುಖದಲ್ಲಿ ಮೊದಲು ಮೂಗು ಅಲುಗಿತು, ಆಮೇಲೆ ಹೊಟ್ಟೆ ಅಲುಗಿತು, ಆಮೇಲೆ ಅವರು ನಕ್ಕ ನಗುವಿಗೆ ಕೊಟ್ಟಿಗೆಯ ಹಸುಗಳು ಎದ್ದು ನಿಂತವು.

"ನನ್ ಮಗಂದು, ಓಕುಳಿ ಅಂದ್ರೆ ಇದಪ್ಪಾ. ಒಬ್ನಾದ್ರೂ ಸಿಕ್ಕುದ್ನಲ್ಲ ಎದ್ರು ನಿಂತ್ಕೊಳೋನು."

ಹಿರಿಯ ಸೊಸೆ ಧೈರ್ಯ ಮಾಡಿ, "ಮತ್ತೆ ನಮ್ಮ ಸೋದರಮಾವನ ಮೇಲೆ ಯಾಕತ್ತೆ ಸಿಟ್ಟು?" ಎಂದು ಕೇಳಿಯೇಬಿಟ್ಟಳು. ವರ್ಷಗಳ ಪ್ರಶ್ನೆ ಅದು.

"ನೀರ್ ಆಕಿದ್ದುಕ್ಕಾ ಸಿಟ್ಟು? ಒಂದ್ ಬಿಂದಿಗೆ ಉಯ್ದುಬುಟ್ಟು, ನಾನು ಇನ್ನೂ ಚೊಂಬು ಎತ್ತಿಲ್ಲ, ಕೈ ಮುಗುದ್ಬುಟ್ಟ. ತಪ್ಪಾಯ್ತು ತಾಯಿ ಅಂತಾನೆ. ಮನೆಗ್ ಬಂದಾಗ್ಲೆಲ್ಲಾ ಅದೇ, ತಪ್ಪಾಯ್ತು ತಾಯಿ. ಓಕುಳಿ ಆಡಿ ಕೈ ಮುಗಿಯೋನ್ತಾವ ಏನಂತ ಮಾತಾಡಾದಮ್ಮ? ಅದುಕ್ಕೇ ಕೊಟ್ಟಿಗೆಗ್ ಓಗ್ತೀನಿ. ಅಸಾ ಕೈ ಮುಗಿಯಾಕಿಲ್ಲ."

ಕವಚದ ಒಳಗೆ ನಾನು ಬೆವರಿದೆ. ನನ್ನ ಕ್ಷಮಾಪಣೆ ಹೊರಗೆ ಕೇಳಿಸದಂತೆ ಮಾಡಿದ ಆ ದಪ್ಪ ಪ್ಲಾಸ್ಟಿಕ್ಕಿಗೆ ನಮಸ್ಕಾರ ಮಾಡಬೇಕೆನಿಸಿತು. ನ್ಯಾಯವಾಗಿ ನಮ್ಮವರ ಮರ್ಯಾದೆಗೇಡಿತನಕ್ಕೂ ಒಂದು ನಮಸ್ಕಾರ ಸಲ್ಲಬೇಕಾಗಿತ್ತು. ಸುಷ್ಮಾ ಪರದೆ ಬಿಟ್ಟು, ಗಂಡನ ಭುಜಕ್ಕೆ ಒರಗಿ, ಅಳುತ್ತಾ ನಗುತ್ತಿದ್ದಳು.

ಊಟಕ್ಕೆ ಕೂತಾಗ ಗಂಡಸರ ಪಂಕ್ತಿಯಲ್ಲಿ ನಮ್ಮವರ ಉಪನ್ಯಾಸ ನಡೆಯುತ್ತಿತ್ತು. ಬ್ಯಾರೆಲ್ಲಿನ ಉದ್ದಕ್ಕೂ ಗುರಿಗೂ ಇರುವ ಸಂಬಂಧ, ಹಗುರ ಬೋಲ್ಟಿನ ಮಹಿಮೆ, ಗಟ್ಟಿ ಸ್ಪ್ರಿಂಗಿನ ಗುಣ. ಎಲ್ಲರೂ ಮುದ್ದೆ ನುಂಗುವುದನ್ನು ಮರೆತು ಕೇಳುತ್ತಿದ್ದರು. ಆ ಬೋಲ್ಟೂ ಆ ಸ್ಪ್ರಿಂಗೂ ನಮ್ಮ ಅಡುಗೆಮನೆಯಲ್ಲಿ ಮೆಂತ್ಯದ ಡಬ್ಬಿಯೊಳಗೆ ಇದ್ದವು. ನನಗೆ ವಿಚಿತ್ರವಾದ ಸಂಕಟ ಶುರುವಾಯಿತು. ಮಗಳ ಬಾಳು ನೇರವಾಯಿತು, ಬೀಗರು ನಕ್ಕರು, ಇನ್ನೇನು ಬೇಕು? ಆದರೂ ಆ ಗೆಲುವು ಇಡ್ಲಿ ತಟ್ಟೆಯದು, ಅದರ ಕೀರ್ತಿ ಮಾತ್ರ ಆ ಬೋಲ್ಟಿಗೆ ಹೋಗುತ್ತಿದೆಯಲ್ಲ ಎಂದು ಮುದ್ದೆಯನ್ನು ಎಲೆಯಲ್ಲೇ ಹೊರಳಿಸುತ್ತಾ ಕೂತೆ. ಸೋಲಿಸಲು ಹೋದವಳಿಗೆ ಗೆಲ್ಲಿಸಿದ ಬಿರುದೂ ಬೇಕಾಗಿತ್ತು.

ಪಕ್ಕದಲ್ಲಿದ್ದ ರತ್ನಮ್ಮನವರು ನನ್ನ ಎಲೆಗೆ ತುಪ್ಪ ಹಾಕುತ್ತಾ, ತಮ್ಮ ಮಟ್ಟಿಗೆ ಪಿಸುಮಾತಿನಲ್ಲಿ, "ನಿಜ ಏಳಿ ಅತ್ಗೆ, ಏನ್ ಆಕಿದಾರೆ ಅದ್ರೊಳಿಕ್ಕೆ?" ಅಂದರು.

"ಏನೂ ಹಾಕಿಲ್ಲ ಅತ್ತಿಗೆ" ಅಂದೆ. ಬಾಯಿ ಅಲ್ಲಿಗೆ ನಿಲ್ಲಬೇಕಿತ್ತು. "ನಾನು ತೆಗೆದಿದ್ದೀನಿ."

ಹೇಳಿದೆ. ಸ್ಪ್ರಿಂಗು, ಬೋಲ್ಟು, ಬಿಗಿ ಬಳೆಯಂಥ ಕೊಳವೆ, ಹಳದಿಯಾದ ಗೋಡೆ, ಎಲ್ಲ. ಗೋಡೆಯ ಸುದ್ದಿ ಬಂದಾಗ ಬಡಿಸುತ್ತಿದ್ದ ನವೀನ ಕಿವಿಗೊಟ್ಟು ನಿಂತ. "ಗೋಡೆ ಪೂರ್ತಿ ಆಗಿತ್ತಾ ಅತ್ತೆ? ಗುರಿ ಎಲ್ಲಿಗಿಟ್ಟಿದ್ರು ಮಾವ?" ನನಗೆ ಆಗ ಹೊಳೆಯಿತು. ಗೋಡೆಯ ನಡುವೆ ಸೀಮೆಸುಣ್ಣದಲ್ಲಿ ಬರೆದಿದ್ದ ರೂಪಾಯಿಯಗಲದ ಒಂದು ಸೊನ್ನೆಯನ್ನು ನಾನು ನೋಡಿದ್ದೆ. ಇಡೀ ಹಿತ್ತಿಲಿನಲ್ಲಿ ಹಳದಿ ತಾಗದ ಜಾಗ ಅದೊಂದೇ ಆಗಿತ್ತು. ಗುಳಿಗೆ ಬಿಗಿ ಕೊಳವೆಯೊಳಗೇ ಒಡೆದು ಬರುತ್ತಿದ್ದುದರಿಂದ ಅದು ಪಿಚಕಾರಿಯಂತೆ ಎರಚುತ್ತಿತ್ತಂತೆ. "ಕಂಪನಿದು ವಾಪಸ್ ಹಾಕಿದ್ದಕ್ಕೇ ಅದು ಸರಿಹೋಗಿರೋದು. ನೀವು ತೆಗೀದೇ ಇದ್ದಿದ್ರೆ ಮಾವ ಅವರನ್ನ ಅವರೇ ಔಟ್ ಮಾಡ್ಕೊಳೋರು" ಎಂದು ನವೀನ ಸಾರಿನ ಬಕೆಟ್ಟು ಹಿಡಿದೇ ನಕ್ಕ. ರತ್ನಮ್ಮನವರಿಗೆ ಮುದ್ದೆ ಗಂಟಲಿಗೆ ಸಿಕ್ಕಿ ಬೆನ್ನು ತಟ್ಟಬೇಕಾಯಿತು. ಕಣ್ಣು ಒರೆಸಿಕೊಂಡು ಅವರು ಹೇಳಿದ್ದಿಷ್ಟು: "ಲೇ ನವೀನ, ನಿಮ್ಮಾವನ್ ಕಿವಿಗೆ ಬಿದ್ದಾತು, ಉಸಾರು. ಆ ಮನ್ಸಾ ಸಂತೋಸವಾಗಿರ್ಲಿ. ಅತ್ಗೆ, ನೀವು ನಂಗೂ ತೆಗೆಯಾದು ಏಳ್ಕೊಡಿ."

ಹಾಗೆ ಶುರುವಾಯಿತು. ಗೆದ್ದ ಉತ್ಸಾಹದಲ್ಲಿ ನಮ್ಮವರು ಮೈದಾನದ ಮಾರ್ಕರುಗಳನ್ನೆಲ್ಲ ತಾವೇ ಸುಧಾರಿಸಿ ಕೊಡುವುದಾಗಿ ಮಾತು ಕೊಟ್ಟರು. ಒಂದೊಂದಾಗಿ ಅವು ನಮ್ಮ ಮನೆಗೆ ಬರುತ್ತವೆ, ಇಲ್ಲಿ ಅವಕ್ಕೆ ಬಿಗಿ ಕೊಳವೆ, ಗಟ್ಟಿ ಸ್ಪ್ರಿಂಗು ಬೀಳುತ್ತದೆ, ಕ್ಯಾಸಂಬಳ್ಳಿಗೆ ಹೋಗುತ್ತವೆ, ಅಲ್ಲಿ ರತ್ನಮ್ಮನವರು ಹಾಲು ಕರೆದು ಕೈ ತೊಳೆದುಕೊಂಡು, ಅವನ್ನು ಬಿಚ್ಚಿ ಕಂಪನಿಯದನ್ನೇ ವಾಪಸ್ ಹಾಕಲು ನನಗೆ ವಿಡಿಯೋ ಕರೆ ಮಾಡುತ್ತಾರೆ. "ಅತ್ಗೆ, ಇದುನ್ ಯಾವ್ ಗುಳೀಗೆ ಇಡ್ಲಿ?" ಎಂದು ತಟ್ಟೆ ತೋರಿಸುತ್ತಾರೆ. ಸ್ಕ್ರೂ ತಿರುಗಿಸುತ್ತಾ ಎರಡು ಮಾತು, ಬಿಗಿಯುತ್ತಾ ಎರಡು ಮಾತು. ಹಸುವಿನ ವಿಷಯ, ಮಂಡಿನೋವಿನ ವಿಷಯ, ಸುಷ್ಮಾಳ ವಿಷಯ. ಇಷ್ಟು ವರ್ಷದಲ್ಲಿ ನನಗೆ ಇಷ್ಟು ಒಳ್ಳೆಯ ಗೆಳತಿ ಸಿಕ್ಕಿರಲಿಲ್ಲ. ಅವರ ಮುಂದೆ ಮನಸ್ಸು ನೋಯದಂತೆ ಮಾತಾಡುವ ಶ್ರಮವೇ ಇಲ್ಲ. ನೋಯಿಸಲು ಹೋದರೆ ಅವರು ಇನ್ನಷ್ಟು ನಗುತ್ತಾರೆ.

ಮೊನ್ನೆ ಸುಷ್ಮಾ ಫೋನ್ ಮಾಡಿದಳು. ಧ್ವನಿ ಸ್ವಲ್ಪ ಬಿಗಿಯಾಗಿತ್ತು.

"ಅಮ್ಮಾ, ಅತ್ತೆ ಬಗ್ಗೆ ಒಂದು ಮಾತು ನಿನ್ನ ಹತ್ರ ಹೇಳ್ಕೊಳ್ಳೋಣ ಅಂತ ಮೂರು ದಿನದಿಂದ ಮಾಡ್ತಿದೀನಿ. ಯಾವಾಗ ಮಾಡಿದ್ರೂ ನೀನು ಬಿಜಿ."

"ಹೌದು ಚಿನ್ನ, ನಿಮ್ಮತ್ತೆ ಜೊತೆ ಮಾತಾಡ್ತಿದ್ದೆ. ಏನಾಯ್ತು ಹೇಳು. ಮುದ್ದೆ ವಿಷಯಾನಾ? ನೀನು ತೊಳಸೋದು ಸಾಲದಂತೆ, ಒಳಗೆ ಹಿಟ್ಟು ಹಾಗೇ ಉಳಿಯುತ್ತಂತಲ್ಲ. ಕೋಲನ್ನ ಪಾತ್ರೆ ತಳಕ್ಕೆ ಒತ್ತಿ ತಿರುಗಿಸಬೇಕು. ಮತ್ತೆ ಬೆಳಿಗ್ಗೆ ಸ್ವಲ್ಪ ಬೇಗ ಏಳು, ಕರುವಿಗೆ ಹುಷಾರಿಲ್ಲ, ಅವರೊಬ್ಬರೇ ಎಷ್ಟಂತ ನೋಡ್ತಾರೆ?"

ನೆಟ್‌ವರ್ಕ್ ಹೋಯಿತೇನೋ ಎಂದುಕೊಂಡೆ.

"ಅಮ್ಮಾ," ಅಂದಳು ಕೊನೆಗೆ, ಮಕ್ಕಳಿಗೆ ಕಷ್ಟದ ಲೆಕ್ಕ ಕೊಡುವ ಧ್ವನಿಯಲ್ಲಿ, "ನಿಮ್ಮಿಬ್ಬರಲ್ಲಿ ನನ್ನತ್ತೆ ಯಾರು?"

ಅದಕ್ಕೆ ಸಮಾಧಾನವಾಗಿ ಏನಾದರೂ ಹೇಳಬೇಕೆಂದಿದ್ದೆ. ಆದರೆ ಅಷ್ಟರಲ್ಲಿ ಇನ್ನೊಂದು ಕರೆ ಬರತೊಡಗಿತು. ರತ್ನಮ್ಮನವರದು. ಬೀಗರನ್ನು ಕಾಯಿಸುವುದು ಮರ್ಯಾದೆಯಲ್ಲವೆಂದು ಮಗಳ ಕರೆಯನ್ನು ಇಟ್ಟುಬಿಟ್ಟೆ.